ಪ್ಲಗ್ಗಿನ ಎಣ್ಣೆಶಾಸ್ತ್ರ

ನಮ್ಮ ಮನೆಯಲ್ಲಿ ತಾಮ್ರದ ಬಣ್ಣ ಹತ್ತದ ವಸ್ತು ಸದ್ಯಕ್ಕೆ ಯಾವುದೂ ಉಳಿದಿಲ್ಲ. ನನ್ನ ಪಂಚೆಯ ಅಂಚು, ಜಗಲಿಯ ಕಂಬ, ಕಾಫಿ ಲೋಟದ ಕಂಠ, ಕರೆಂಟ್ ಬಿಲ್ಲು, ಬೆಕ್ಕಿನ ಎಡಗಿವಿ, ಎಲ್ಲದರ ಮೇಲೂ ಒಂದೊಂದು ಬೆರಳಿನ ಗುರುತು. ಕಳ್ಳ ಬಂದು ಹೋಗಿದ್ದರೂ ಪೊಲೀಸರಿಗೆ ಇಷ್ಟು ಬೆರಳಚ್ಚು ಸಿಗುತ್ತಿರಲಿಲ್ಲ. ಇಷ್ಟಕ್ಕೂ ಕಾರಣ ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ. ಅದರ ಮೇಲೆ ‘ಆಂಟಿ ಸೀಜ್’ ಎಂದು ಬರೆದಿದೆ. ಅಂದರೆ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಮುಲಾಮು. ಕಚ್ಚಿಕೊಳ್ಳಬಾರದ್ದು ಬೋಲ್ಟು ಮಾತ್ರ. ಬಟ್ಟೆಗೆ ಈ ನಿಯಮ ಅನ್ವಯಿಸುವುದಿಲ್ಲ.

ಡಬ್ಬಿ ತಂದವನು ನನ್ನ ಭಾಮೈದ. ಬೆಂಗಳೂರಿನಲ್ಲಿ ಕೆಲಸ. ವಾರದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕೂತು ಎಂಜಿನಿಯರ್ ಅನ್ನಿಸಿಕೊಳ್ಳುತ್ತಾನೆ, ಉಳಿದೆರಡು ದಿನ ಪಾನ ಹಿಡಿದು ನಿಜವಾದ ಎಂಜಿನಿಯರ್ ಆಗಲು ನೋಡುತ್ತಾನೆ. ಅವನ ಸ್ವಂತ ಕಾರಿನ ಬಾನೆಟ್ ತೆಗೆದರೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಾಗಿ ಅವನ ಕೈಚಳಕಕ್ಕೆಲ್ಲ ನನ್ನ ಕಾರೇ ಗತಿ.

ಕಾರಿನ ಹೆಸರು ಹೇಳುವುದಿಲ್ಲ. ಒಂದು ಕಾಲಕ್ಕೆ ಬಿ.ಎಚ್. ರಸ್ತೆಯಲ್ಲಿ ಎದುರಿಗೆ ಬರುವ ಎರಡು ಕಾರಿನಲ್ಲಿ ಒಂದು ಅದೇ ಆಗಿರುತ್ತಿತ್ತು ಅಂದರೆ ಗೊತ್ತಾಗುತ್ತದಲ್ಲ, ಅದು. ಮೂರು ಸಿಲಿಂಡರು, ಮೂರು ಪ್ಲಗ್ಗು, ಅಲ್ಯೂಮಿನಿಯಂ ಹೆಡ್ಡು. ನಾನು ಹೈಸ್ಕೂಲು ಮೇಷ್ಟ್ರಾಗಿದ್ದಾಗ ಕೊಂಡದ್ದು; ನಾನು ರಿಟೈರಾದಾಗ ಜೊತೆಗೇ ಅದೂ ರಿಟೈರಾಯಿತು. ನನಗೆ ಪಿಂಚಣಿ ಬಂತು, ಅದಕ್ಕೆ ಹಿತ್ತಲಲ್ಲಿ ಒಂದು ಗರಿ ಚಪ್ಪರ ಬಂತು. ಕಡೂರಿನಲ್ಲಿ ತೆಂಗಿನ ಗರಿಗೆ ಬರವಿಲ್ಲ, ಮಳೆಗಷ್ಟೇ ಬರ. ಮಲೆನಾಡಿನ ಜಿಲ್ಲೆಯೊಳಗೇ ಇದ್ದು ಮೋಡ ನೋಡಿಕೊಂಡು ಕೂರುವ ಊರು ನಮ್ಮದು. ಆ ಚಪ್ಪರದ ಕೆಳಗೆ ಕಾರು ನಾಲ್ಕು ವರ್ಷ ನಿಂತಿತು. ಕೋಳಿಗಳು ಅದರ ಮೇಲೆ ಕೂತವು, ಇಳಿದವು. ನಾನು ದಿನಾ ಬೆಳಿಗ್ಗೆ ಅದನ್ನು ನೋಡಿ, ‘ಒಂದ್ ದಿನ ಸ್ಟಾರ್ಟ್ ಮಾಡ್ಬೇಕು’ ಎಂದು ಸಂಕಲ್ಪ ಮಾಡಿಕೊಳ್ಳುತ್ತಿದ್ದೆ. ಸಂಕಲ್ಪಕ್ಕೆ ಪೆಟ್ರೋಲು ಬೇಡವಲ್ಲ.

ಕಳೆದ ದಸರಾ ರಜೆಗೆ ಭಾಮೈದ ಬಂದ. ಬಾನೆಟ್ ಎತ್ತಿ, ಪ್ಲಗ್ಗಿಗೆ ಪಾನ ಹಾಕಿ ಎಳೆದ. ಪ್ಲಗ್ ಅಲ್ಲಾಡಲಿಲ್ಲ. ಜಿಮ್ಮಿಗೆ ಹೋಗುವ ಹುಡುಗ, ಮತ್ತೆ ಎಳೆದ. ಕಾರು ಅಲ್ಲಾಡಿತು, ಪ್ಲಗ್ ಅಲ್ಲಾಡಲಿಲ್ಲ.

“ಭಾವ, ಸೀಜ್ ಆಗಿದೆ” ಎಂದ, ಡಾಕ್ಟರು ಐ.ಸಿ.ಯು. ಬಾಗಿಲಿಂದ ಹೊರಬಂದು ಹೇಳುವ ದನಿಯಲ್ಲಿ.

ಒಳಗಿನಿಂದ ನನ್ನವಳು, “ನಿಮ್ಮ ಭಾವನ ಮಂಡೀನೂ ಹಂಗೇ ಆಗಿದೆ ಕಣೋ, ಅದಕ್ಕೇನಾದ್ರೂ ತಂದಿದ್ದೀಯಾ ನೋಡು” ಎಂದಳು.

ಯಾಕೆ ಕಚ್ಚಿಕೊಳ್ಳುತ್ತದೆ? ಇದನ್ನು ಭಾಮೈದ ನನಗೆ ವಿವರಿಸತೊಡಗಿದ. ಮೂವತ್ತು ವರ್ಷ ವಿಜ್ಞಾನ, ಗಣಿತ ಎರಡೂ ಪಾಠ ಮಾಡಿದವನಿಗೆ! ನಾನೂ ಬಿಡಲಿಲ್ಲ. ಪ್ಲಗ್ಗಿನ ಮೈ ಉಕ್ಕು, ಹೆಡ್ಡು ಅಲ್ಯೂಮಿನಿಯಂ. ನೂರು ಡಿಗ್ರಿ ಬಿಸಿ ಏರಿದರೆ ಮೀಟರುದ್ದದ ಉಕ್ಕಿನ ಸರಳು ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ, ಅದೇ ಉದ್ದದ ಅಲ್ಯೂಮಿನಿಯಂ 2.3 ಮಿಲಿಮೀಟರ್. ಹೆಚ್ಚುಕಡಿಮೆ ಎರಡರಷ್ಟು. ಒಂದೇ ಸೂರಿನಡಿ ಇಬ್ಬರು. ಒಬ್ಬರಿಗೆ ಸ್ವಲ್ಪ ಬಿಸಿಯಾದರೆ ಇನ್ನೊಬ್ಬರಿಗೆ ಎರಡು ಪಟ್ಟು ಬಿಸಿಯಾಗುತ್ತದೆ. ಮೇಲೆ ತೇವ ಸೇರಿತೋ, ಬೇರೆ ಬೇರೆ ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವ ವ್ಯವಹಾರವೇ ಸಣ್ಣಗೆ ಶುರುವಾಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಕೂತರೆ ಗಾರೆ ಹಾಕಿದ ಹಾಗೆ. ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಭಾಮೈದ ಮೆಚ್ಚಿಕೊಂಡ. ಪ್ಲಗ್ ಮೆಚ್ಚಿಕೊಳ್ಳಲಿಲ್ಲ, ಇದ್ದಲ್ಲೇ ಇತ್ತು.

ಆಮೇಲೆ ಬಂದ ನನ್ನ ಹಳೆಯ ಶಿಷ್ಯ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ನಾನು ಮೇಷ್ಟ್ರು, ಅವನು ಮೇಸ್ತ್ರಿ. ಅಕ್ಷರದಲ್ಲಿ ಅಷ್ಟೇನೂ ದೂರವಿಲ್ಲ, ಸಂಪಾದನೆಯಲ್ಲಿ ಬಹಳ ದೂರ. ಅವನು ಎಳೆಯಲಿಲ್ಲ, ಜಗ್ಗಲಿಲ್ಲ. ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, “ರಾತ್ರಿ ಕುಡೀಲಿ ಬಿಡಿ ಸಾರ್” ಎಂದು ಹೊರಟುಹೋದ. ಬೆಳಿಗ್ಗೆ ಬಂದವನು ಕಾಲು ಸುತ್ತು ಬಿಚ್ಚಿದ, ಮತ್ತೆ ಅರ್ಧ ಹಿಂದಕ್ಕೆ ಬಿಗಿದ, ಎರಡು ಹನಿ ಬಿಟ್ಟ, ಮತ್ತೆ ಬಿಚ್ಚಿದ. ಹಲ್ಲು ನೋವಿನ ಮಗುವಿಗೆ ಅನ್ನ ತಿನ್ನಿಸಿದಂತೆ ಮುಂದೆ, ಹಿಂದೆ, ಮುಂದೆ. ಎಂಜಿನ್ ತಣ್ಣಗಿದೆಯೇ ಎಂದು ಹೆಡ್ಡಿನ ಮೇಲೆ ಅಂಗೈ ಇಟ್ಟು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಾಲ್ಕು ವರ್ಷದಿಂದ ಸ್ಟಾರ್ಟೇ ಆಗದ ಎಂಜಿನ್ನು! “ಅಭ್ಯಾಸ ಸಾರ್. ಬಿಸಿ ಹೆಡ್ಡಲ್ಲಿ ಅಲ್ಯೂಮಿನಿಯಂ ಮೆತ್ತಗಿರುತ್ತೆ, ಪ್ಲಗ್ ಬಿಚ್ಚಿದ್ರೆ ಥ್ರೆಡ್ ಜೊತೇಲೇ ಬಂದ್ಬಿಡುತ್ತೆ” ಎಂದ. ಅರ್ಧ ಗಂಟೆಗೆ ಮೂರೂ ಹೊರಬಂದವು. ಹಳೆಯ ಕಾಲದ ಪ್ಲಗ್ಗುಗಳು, ಮೈಯೆಲ್ಲ ಕಪ್ಪು. “ಹೊಸಾವು ನಾಳೆ ನಾನೇ ತಂದು ಹಾಕ್ತೀನಿ, ನೀವು ಮುಟ್ಟಬೇಡಿ” ಎಂದು ಹೇಳಿ ಹೋದ.

ಮುಟ್ಟಬೇಡಿ ಅಂದ ಮೇಲೆ ಮುಟ್ಟದೆ ಇರಲು ನಾವೇನು ಶಾಲೆ ಮಕ್ಕಳೇ?

ಭಾಮೈದ ಬೈಕಿನಲ್ಲಿ ಬೀರೂರಿಗೆ ಹೋಗಿ ಮೂರು ಹೊಸ ಪ್ಲಗ್ ತಂದ. ಬೆಳ್ಳಿ ಹಾಗೆ ಮಿರಮಿರ. ಜಗಲಿಯ ಮೇಲೆ ಪೇಪರು ಹಾಸಿ, ಬ್ಯಾಗಿನಿಂದ ಆ ಡಬ್ಬಿ ತೆಗೆದ. ಮುಚ್ಚಳಕ್ಕೇ ಅಂಟಿಕೊಂಡ ಒಂದು ಕುಂಚ, ಒಳಗೆ ತಾಮ್ರದ ಬಣ್ಣದ ಪಾಯಸ. “ಗ್ರೀಸು, ಅದರೊಳಗೆ ತಾಮ್ರದ ಪುಡಿ, ಗ್ರಾಫೈಟು. ಸಾವಿರ ಡಿಗ್ರಿಗೂ ಜಗ್ಗಲ್ಲ ಭಾವ. ಇದನ್ನ ಥ್ರೆಡ್ಡಿಗೆ ಹಚ್ಚಿಟ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಪ್ಲಗ್ ಕಚ್ಚಲ್ಲ.” ಮೊಮ್ಮಕ್ಕಳ ಕಾಲಕ್ಕೆ ಪೆಟ್ರೋಲ್ ಕಾರೇ ಇರುವುದಿಲ್ಲವಂತೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಯಾಕೆಂದರೆ ಡಬ್ಬಿಯ ಒಳಗೆ ನೋಡಿದ ತಕ್ಷಣ ನನಗೆ ನಮ್ಮ ತಾತ ನೆನಪಾದ.

ತಾತನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕಪ್ಪು ಲೇಹ್ಯ. ಸಂತೆಗೆ ಹೊರಡುವ ಮುಂಚೆ ಕಡಾಣಿ ಕಿತ್ತು, ಗಾಲಿಯನ್ನು ಒಂದು ಗೇಣು ಹೊರಕ್ಕೆ ಎಳೆದು, ಅಚ್ಚಿಗೆ ಅದನ್ನು ಸವರಿ, ಮತ್ತೆ ಗಾಲಿ ತಳ್ಳಿ ಕಡಾಣಿ ಹಾಕುತ್ತಿದ್ದ. ಯೋಚಿಸಿ ನೋಡಿ. ಎಣ್ಣೆ ಒಣಗಿದರೂ ಮಸಿ ಉಳಿಯುತ್ತದೆ, ಆ ಮಸಿಯೇ ಎರಡು ಮೈಗಳ ನಡುವೆ ನಿಂತು ಕಚ್ಚಲು ಬಿಡುವುದಿಲ್ಲ. ಭಾಮೈದನ ಡಬ್ಬಿಯೊಳಗಿನ ತತ್ವವೂ ಅದೇ: ಗ್ರೀಸು ಉರಿದುಹೋದರೂ ಪುಡಿ ಉಳಿಯಬೇಕು. ನಮ್ಮ ತಾತ ಅದನ್ನು ಪುಕ್ಕಟೆ ಕಲಸುತ್ತಿದ್ದ, ಇವನು ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸಿದ್ದಾನೆ.

ನಮ್ಮ ಸೀಮೆಗೆ ಇದರಲ್ಲಿ ಹಕ್ಕೂ ಇದೆ ಅನ್ನಿ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ 1929ರಿಂದ ಅಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳು ಅವು, ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಮೈಸೂರು ಸೈನ್ಯದ ಫಿರಂಗಿ, ಸಾಮಾನು ಎಲ್ಲ ಎಳೆದದ್ದು ಆ ಎತ್ತುಗಳೇ. ಎತ್ತಿನಲ್ಲಿ ಪ್ಲಗ್ಗಿಲ್ಲ, ಹೆಡ್ಡಿಲ್ಲ, ಥ್ರೆಡ್ಡಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಬಾಲಕ್ಕೆ ಕೈ ಹಾಕಿದರೆ ಸಾಕು. ಆದರೆ ಹಿಂದಿನ ಗಾಡಿಗೆ ಕೀಲೆಣ್ಣೆ ಬೇಕೇ ಬೇಕು. ಇಲ್ಲದಿದ್ದರೆ ಗಾಲಿ ಕಿರುಗುಟ್ಟಿ ಮೂರೂರಿಗೆ ಕೇಳಿಸುತ್ತಿತ್ತು.

ಗಾಡಿ ಯಾಕೆ, ಅಡುಗೆಮನೆಗೆ ಬನ್ನಿ. ಹಲಸಿನ ಹಣ್ಣು ಹೆಚ್ಚುವ ಮುಂಚೆ ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಏನು? ಆಂಟಿ ಸೀಜ್ ಅಲ್ಲವೇ? ಬಳೆ ತೊಡಿಸುವಾಗ ಕೈಗೆ ಸೋಪು ಹಚ್ಚುವುದು? ಮದುಮಗನಿಗೆ ಎಣ್ಣೆಶಾಸ್ತ್ರ ಮಾಡುವುದೂ ಯಾಕೋ ಅದೇ ಉದ್ದೇಶಕ್ಕೆ ಎಂದು ನನ್ನ ಗುಮಾನಿ. ಬಿಚ್ಚುವ ಪ್ರಸಂಗ ಬಾರದಿರಲಿ, ಬಂದರೂ ಚರ್ಮ ಕಿತ್ತು ಬಾರದಿರಲಿ.

ಹೀಗೆ ನನ್ನ ತಾತನ, ನನ್ನವಳ ಹಲಸಿನ ಕತ್ತಿಯ, ಅಮೃತಮಹಲಿನ ಬೆಂಬಲವೆಲ್ಲ ಸೇರಿದ ಮೇಲೆ ನಾನು ಗಂಭೀರವಾಗಿ ತಲೆ ಆಡಿಸಿ, “ಹಚ್ಚಯ್ಯ” ಎಂದೆ. ಆದ್ದರಿಂದ ಮುಂದೆ ಆದದ್ದಕ್ಕೆ ಅವನೊಬ್ಬನೇ ಹೊಣೆಯಲ್ಲ.

ಎಣ್ಣೆಶಾಸ್ತ್ರ ಸಾಂಗವಾಗಿ ನಡೆಯಿತು. ಅವನು ಕುಂಚದಿಂದ ಶುರುಮಾಡಿ ಬೆರಳಿಗೆ ಇಳಿದ. ಥ್ರೆಡ್ಡಿನ ಒಂದೊಂದು ಹಳ್ಳಕ್ಕೂ ತುಂಬಿದ, ಮೇಲೆ ಇನ್ನೊಂದು ಪದರ, ‘ಯಾವುದಕ್ಕೂ ಇರ್ಲಿ’ ಎಂದು ವಾಶರಿಗೂ ಒಂದಿಷ್ಟು. ಪ್ಲಗ್ಗುಗಳು ಅರಿಶಿನ ಹಚ್ಚಿಸಿಕೊಂಡ ಮದುಮಕ್ಕಳಂತೆ ಸಾಲಾಗಿ ಪೇಪರಿನ ಮೇಲೆ ಕೂತವು. ನನ್ನವಳು ಬಾಗಿಲಿಗೆ ಬಂದು ನೋಡಿ, “ಆರತಿ ತಟ್ಟೆ ತರಲೇನ್ರಿ?” ಎಂದಳು. ಅಷ್ಟರಲ್ಲಿ ಬೆಕ್ಕು ಬಂದು ಕಿವಿ ತಿಕ್ಕಿಕೊಂಡು ಹೋಯಿತು.

ಮೊದಲ ಎರಡು ಪ್ಲಗ್ಗು ಸರಾಗ ಕೂತವು. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿದವು, ನಿಂತವು. “ನೋಡಿದ್ರಾ ಭಾವ?” ಎಂದ. ಮೂರನೆಯದು. ಪಾನ ಹಾಕಿ ತಿರುಗಿಸಿದ. ಬಿಗಿಯಾಯಿತೇ? ಅವನಿಗೆ ಅನುಮಾನ. “ಇನ್ನೂ ಬರ್ತಾ ಇದೆ” ಎಂದ. ನಾನು, ಊರಿನ ಸ್ವಭಾವಕ್ಕೆ ತಕ್ಕಂತೆ, “ಇನ್ನೊಂದು ಸುತ್ತು ಕೊಡು” ಎಂದೆ.

ಇನ್ನೊಂದು ಸುತ್ತಿನ ಚಟ ನಮ್ಮೂರಿನವರಿಗೆ ಸುಮ್ಮನೆ ಬಂದದ್ದಲ್ಲ. 1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಕಚೇರಿ ಮಾತ್ರ ಚಿಕ್ಕಮಗಳೂರಿನಲ್ಲಿ. ಆಮೇಲೆ ಹೆಸರೂ ಕಚೇರಿಯ ಹಿಂದೆಯೇ ಹೊರಟುಹೋಯಿತು. ನಮಗೆ ಉಳಿದದ್ದು ತಾಲ್ಲೂಕು ಆಫೀಸು. ಸಮಯಕ್ಕೆ ಸರಿಯಾಗಿ ಟೈಟ್ ಮಾಡಿಟ್ಟುಕೊಳ್ಳದಿದ್ದರೆ ಹೀಗೇ ಆಗುವುದು ಎಂಬ ಪಾಠ ನಮ್ಮ ರಕ್ತದಲ್ಲೇ ಇದೆ. ಅಂದಿನಿಂದ ನಲ್ಲಿ, ನಟ್ಟು, ಉಪ್ಪಿನಕಾಯಿ ಭರಣಿಯ ಮುಚ್ಚಳ, ಏನೇ ಆಗಲಿ ಇನ್ನೊಂದು ಸುತ್ತು.

ಕೊಟ್ಟ.

ಥ್ರೆಡ್ ಹೋಗುವಾಗ ಫಟ್ ಅಂತ ಸದ್ದಾಗುತ್ತದೆ ಎಂದು ನೀವು ತಿಳಿದಿದ್ದರೆ ತಪ್ಪು. ಸದ್ದೇ ಇಲ್ಲ. ಬಿಗಿಯಾಗುತ್ತಾ ಬಿಗಿಯಾಗುತ್ತಾ ಹೋಗುತ್ತಿದ್ದ ಪಾನ ಥಟ್ಟನೆ ಹಗುರವಾಯಿತು. ನಾದಿದ ಹಿಟ್ಟಿಗೆ ಬೆರಳು ಇಳಿದ ಹಾಗೆ. ಭಾಮೈದ ನನ್ನ ಮುಖ ನೋಡಿದ, ನಾನು ಚಪ್ಪರ ನೋಡಿದೆ. ಪ್ಲಗ್ಗನ್ನು ಕೈಯಲ್ಲೇ ಎತ್ತಿದರೆ ಬಂದುಬಿಟ್ಟಿತು. ಅದರ ಥ್ರೆಡ್ಡಿನ ಸುತ್ತ ಹೊಳೆಯುವ ಅಲ್ಯೂಮಿನಿಯಮ್ಮಿನ ಎಳೆಯೊಂದು ಸುತ್ತಿಕೊಂಡಿತ್ತು, ಒರಳಿನಿಂದ ಇಳಿದ ಚಕ್ಕುಲಿಯ ಹಾಗೆ, ತಾಮ್ರದ ಪಾಯಸದಲ್ಲಿ ಅದ್ದಿದ ಚಕ್ಕುಲಿ. ಕಚ್ಚಿಕೊಳ್ಳುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದದ್ದು ಅಕ್ಷರಶಃ ನಿಜ. ಈಗ ಅದು ಯಾವುದಕ್ಕೂ ಕಚ್ಚಿಕೊಳ್ಳುವಂತಿರಲಿಲ್ಲ.

ಮೇಸ್ತ್ರಿ ಬಂದ. ಪ್ಲಗ್ ನೋಡಿದ, ಡಬ್ಬಿ ನೋಡಿದ, ನನ್ನ ಪಂಚೆ ನೋಡಿದ. ಏನೂ ಅನ್ನಲಿಲ್ಲ. ಹೋಮ್‌ವರ್ಕ್ ಮಾಡದೆ ಬಂದ ಹುಡುಗರನ್ನು ನಾನು ಹಾಗೆಯೇ ನೋಡುತ್ತಿದ್ದೆ. ಕಲಿತದ್ದು ಎಲ್ಲಿಂದ ಎಂದು ಗೊತ್ತಾಯಿತು. ಖಾಲಿ ಪ್ಲಗ್ ಡಬ್ಬಿ ಎತ್ತಿಕೊಂಡು ಭಾಮೈದನ ಕೈಗೆ ಕೊಟ್ಟು, “ಏನ್ ಬರೆದವ್ರೆ ಓದಿ ಅಣ್ಣ” ಎಂದ. ಚಿತ್ರವಿತ್ತು: ಬೆರಳಲ್ಲಿ ಬಿಗಿ ಮಾಡು, ಆಮೇಲೆ ಪಾನದಲ್ಲಿ ಇಷ್ಟು ತಿರುಗಿಸು. ನಮ್ಮ ಕಾರಿನ 14 ಮಿಲಿಮೀಟರ್ ಪ್ಲಗ್ಗಿಗೆ, ಹೊಸ ವಾಶರ್ ಇದ್ದರೆ, ಅರ್ಧದಿಂದ ಮೂರನೇ ಎರಡು ಸುತ್ತು. ಅಷ್ಟೇ. ಅದರಲ್ಲಿ ವಾಶರ್ ಅಮುಕಿಕೊಂಡು ಕೂರುತ್ತದೆ. ಇನ್ನೊಂದು ಸುತ್ತಿನ ಚಿತ್ರ ಎಲ್ಲೂ ಇರಲಿಲ್ಲ. ಕಡೂರಿಗೆಂದು ಬೇರೆ ಡಬ್ಬಿ ಅಚ್ಚು ಹಾಕಿಸಬೇಕು.

“ಲೆಕ್ಕದಲ್ಲಿ ಹೇಳ್ಬೇಕೂಂದ್ರೆ ಅಲ್ಯೂಮಿನಿಯಂ ಹೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್ ಸಾರ್. ನಾನು 28ಕ್ಕೆ ಇಟ್ಕೊಳ್ತೀನಿ.”

“28ಏ ಯಾಕೆ?”

“ಮರೆಯಕ್ಕಾಗಲ್ಲ. ಎಸ್ಸೆಸ್ಸೆಲ್ಸಿ ಪ್ರಿಪರೇಟರಿಲಿ ಗಣಿತಕ್ಕೆ ನೀವು ನಂಗೆ ಕೊಟ್ಟಿದ್ದು ಅಷ್ಟೇ ಅಲ್ವಾ?”

ನನ್ನವಳು ಒಳಗೆ ಹೋಗಿ ನಕ್ಕಳು. ಗೋಡೆ ತೆಳ್ಳಗಿದೆ, ಕೇಳಿಸಿತು.

28 ನ್ಯೂಟನ್ ಮೀಟರ್ ಅಂದರೆ ಎಷ್ಟು? ನಾನು ಮಾನ ಉಳಿಸಿಕೊಳ್ಳಲು ಲೆಕ್ಕ ಹಾಕಿದೆ. ಒಂದಡಿ ಉದ್ದದ ಪಾನದ ತುದಿಗೆ ಒಂಬತ್ತೂವರೆ ಕೆ.ಜಿ. ತೂಗು ಹಾಕಿದಷ್ಟು. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆ.ಜಿ. ಹಿಡಿದರೆ 19 ಕಾಯಿ. ಭಾಮೈದ ಎಳೆದದ್ದು ಅಂದಾಜಿಗೆ ಒಂದು ಚೀಲ ಕಾಯಿ. ಬೈಕುಗಳಲ್ಲಿ ಬರುವ ಸಣ್ಣ 10 ಮಿಲಿಮೀಟರ್ ಪ್ಲಗ್ಗಿಗಂತೂ 10ರಿಂದ 12 ನ್ಯೂಟನ್ ಮೀಟರ್ ಸಾಕು, ಏಳೆಂಟು ಕಾಯಿ. ಅದಕ್ಕೆ ಭಾಮೈದನನ್ನು ಬೈಕಿನ ಹತ್ತಿರ ಬಿಡಬಾರದು.

ಆದರೆ ಭಾಮೈದನ ಪ್ರಶ್ನೆ ನ್ಯಾಯವಾದದ್ದೇ. ಪೇಸ್ಟ್ ಹಚ್ಚಿದ್ದು ಕಚ್ಚದಿರಲಿ ಎಂದು, ಅದಕ್ಕೂ ಥ್ರೆಡ್ ಕಿತ್ತು ಬರುವುದಕ್ಕೂ ಏನು ಸಂಬಂಧ? ಇಲ್ಲಿ ಮೇಸ್ತ್ರಿ ಹೇಳಿದ ಮಾತು ನನಗೆ ಮೂವತ್ತು ವರ್ಷದ ಪಾಠದಲ್ಲಿ ಹೊಳೆದಿರಲಿಲ್ಲ. “ಸಾರ್, ಬೋಲ್ಟ್ ಬಿಗಿಯೋವಾಗ ಕೈಗೆ ಗೊತ್ತಾಗೋದು ಬಿಗಿ ಅಲ್ಲ, ಉಜ್ಜಾಟ. ಉಜ್ಜಾಟ ಜಾಸ್ತಿ ಆದ್ರೆ ಬಿಗಿ ಆಯ್ತು ಅಂದ್ಕೋತೀವಿ. ಎಣ್ಣೆ ಹಚ್ಚಿದ್ರೆ ಉಜ್ಜಾಟ ಇಲ್ಲ. ಒಳಗೆ ಬಿಗಿ ಆಗೋಗಿದೆ, ಕೈಗೆ ಇನ್ನೂ ಸಡಿಲ ಅನ್ಸುತ್ತೆ.”

ಪುಸ್ತಕದ ಲೆಕ್ಕವೂ ಅದನ್ನೇ ಹೇಳುತ್ತದೆ. ಬೋಲ್ಟ್ ಬಿಗಿಯುವಾಗ ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ತಿಕ್ಕಾಟಕ್ಕೇ ಖರ್ಚು: ಅರ್ಧದಷ್ಟು ತಲೆಯ ಕೆಳಗೆ, ನಲವತ್ತರಷ್ಟು ಥ್ರೆಡ್ಡಿನಲ್ಲಿ. ನಿಜವಾಗಿ ಹಿಡಿದು ಕೂರಿಸುವುದಕ್ಕೆ ಉಳಿಯುವುದು ಬರೀ ಹತ್ತು. ಮದುವೆ ಖರ್ಚಿನ ಹಾಗೆ: ನೂರರಲ್ಲಿ ತೊಂಬತ್ತು ಶಾಮಿಯಾನ, ಓಲಗ, ಊಟಕ್ಕೆ; ಗಂಡು ಹೆಣ್ಣಿಗೆ ತಲುಪುವುದು ಹತ್ತು. ಈಗ ಪೇಸ್ಟ್ ಹಚ್ಚಿ ಶಾಮಿಯಾನದ ಖರ್ಚಿನಲ್ಲಿ ಹತ್ತು ಉಳಿಸಿದಿರಿ ಅನ್ನಿ. ಉಳಿದದ್ದು ಎಲ್ಲಿಗೆ ಹೋಗಬೇಕು? ನೇರ ಬಿಗಿತಕ್ಕೆ. ಹತ್ತು ಇದ್ದದ್ದು ಇಪ್ಪತ್ತು. ಪ್ಲಗ್ಗಿನ ಕತ್ತು ಎಳೆದು ಉದ್ದವಾಗಬಹುದು, ಇಲ್ಲವೇ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡು ಸೋಲಬಹುದು. ನಮ್ಮಲ್ಲಿ ಎರಡನೆಯದು ಸೋತಿತು.

ಹೀಗಾಗಿ ಪ್ಲಗ್ ಮಾಡುವವರೇ ಇದನ್ನು ಬೇಡ ಅನ್ನುತ್ತಾರೆ. ಜಪಾನಿನ ಎನ್‌ಜಿಕೆ ಕಂಪನಿ ಸ್ಪಷ್ಟವಾಗಿ ಹೇಳಿದೆ: ನಮ್ಮ ಪ್ಲಗ್ಗಿನ ಮೈಗೆ ತುಕ್ಕು ಹಿಡಿಯದ, ಕಚ್ಚದ ಲೇಪ ಮೊದಲೇ ಕೊಟ್ಟಿದ್ದೇವೆ, ಮೇಲೆ ಪೇಸ್ಟ್ ಹಚ್ಚಿದರೆ ಬಿಗಿಯುವ ಲೆಕ್ಕ ಶೇಕಡ 20ರವರೆಗೆ ತಪ್ಪಬಹುದು, ಥ್ರೆಡ್ ಮುರಿಯಬಹುದು, ಕವಚ ಹಿಗ್ಗಬಹುದು ಎಂದು. ಬೆಳ್ಳಿ ಹಾಗೆ ಮಿರಮಿರ ಅಂದೆನಲ್ಲ, ಆ ಮಿರುಗೇ ಲೇಪ. ಎಣ್ಣೆಶಾಸ್ತ್ರ ಕಾರ್ಖಾನೆಯಲ್ಲೇ ಮುಗಿದಿತ್ತು. ನಾವು ಮದುವೆಯಾದ ಗಂಡಿಗೆ ಮತ್ತೆ ಅರಿಶಿನ ಹಚ್ಚಿದ್ದೆವು.

ಹಾಗಾದರೆ ಹಳೆಯ ಮೇಸ್ತ್ರಿಗಳು ಪ್ಲಗ್ಗಿಗೆ ಗ್ರೀಸು ಸವರುತ್ತಿದ್ದದ್ದು ಮೂರ್ಖತನವೇ? ಅಲ್ಲ. ಚಪ್ಪರದ ಕೆಳಗೆ ಕಚ್ಚಿಕೊಂಡಿದ್ದ ನಮ್ಮ ಹಳೆಯ ಪ್ಲಗ್ಗುಗಳ ಮೈ ಕಪ್ಪಗಿತ್ತಲ್ಲ, ಅಂಥ ಲೇಪವಿಲ್ಲದವಕ್ಕೆ ಕಚ್ಚುವ ಬುದ್ಧಿ ಜಾಸ್ತಿ. ಅವುಗಳಿಗೆ ಒಂದು ತೆಳು ಸವರು ಅರ್ಥವಿದ್ದದ್ದೇ. ಪ್ಲಗ್ ಬದಲಾಯಿತು, ಸಲಹೆ ಬದಲಾಗಲಿಲ್ಲ.

ನಮ್ಮ ರಾಜ್ಯಕ್ಕೆ ಪ್ಲಗ್ಗಿನ ಜೊತೆ ಹಳೆಯ ನೆಂಟಸ್ತಿಕೆ, ಅದನ್ನು ಹೇಳದೆ ಬಿಟ್ಟರೆ ಬೆಂಗಳೂರಿನವರು ಬೇಜಾರು ಮಾಡಿಕೊಳ್ಳುತ್ತಾರೆ. 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೊ ಜೊತೆಗೆ ಪ್ಲಗ್ಗಿಗೆ ಪೇಟೆಂಟ್ ಪಡೆದ ಬಾಷ್ ಕಂಪನಿಯ ಸಂಬಂಧದಲ್ಲೇ 1951ರಲ್ಲಿ ನಮ್ಮಲ್ಲಿ ಮೈಕೋ ಹುಟ್ಟಿತು. ಆಡುಗೋಡಿಯ ಕಾರ್ಖಾನೆ, ಮೈಕೋ ಲೇಔಟು, ಎಲ್ಲ ಅದರ ಬಳುವಳಿ. 2008ರಲ್ಲಿ ಹೆಸರು ಬಾಷ್ ಆದರೂ ನಮ್ಮೂರ ಅಂಗಡಿಯಲ್ಲಿ ಈಗಲೂ ವಯಸ್ಸಾದವರು “ಒಂದು ಮೈಕೋ ಪ್ಲಗ್ ಕೊಡಪ್ಪ” ಎನ್ನುತ್ತಾರೆ. ಅಂಗಡಿಯವನು ಯಾವ ಕಂಪನಿಯದ್ದು ಕೊಟ್ಟರೂ ಮೈಕೋ ಎಂದೇ ತೆಗೆದುಕೊಂಡು ಹೋಗುತ್ತಾರೆ. ಜಗಳವಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಮೈಸೂರಿನ ಜಾವಾ, ಆಮೇಲಿನ ಯೆಜ್ಡಿ, ತೋಟಕ್ಕೆ ಹೋಗುವ ಹಳೆಯ ಟಿ.ವಿ.ಎಸ್. ಮೊಪೆಡ್ಡು, ಇವುಗಳ ಹೆಡ್ಡೂ ಅಲ್ಯೂಮಿನಿಯಮ್ಮೇ. ಆದರೆ ಅವುಗಳಲ್ಲಿ ಪ್ಲಗ್ ಕಚ್ಚಿಕೊಂಡದ್ದನ್ನು ನಾನು ನೋಡಿದ್ದೇ ಕಡಿಮೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯುತ್ತದಲ್ಲ, ಪ್ಲಗ್ಗಿಗೆ ಮಸಿ ಕಟ್ಟುತ್ತಿತ್ತು. ಕಾಯಿ ಚೀಲ ಹೇರಿಕೊಂಡು ಬರುವವನು ದಾರಿಯಲ್ಲೇ ನಿಂತು, ಸೀಟಿನ ಕೆಳಗಿನ ಬಾಕ್ಸ್ ಪಾನ ತೆಗೆದು, ಪ್ಲಗ್ ಬಿಚ್ಚಿ, ಬೆಂಕಿಪೆಟ್ಟಿಗೆಯ ಮಗ್ಗುಲಿಗೆ ಉಜ್ಜಿ, ಬಾಯಲ್ಲಿ ಉರುಬಿ, ಮತ್ತೆ ಹಾಕಿ ಕಿಕ್ ಹೊಡೆಯುತ್ತಿದ್ದ. ತಿಂಗಳಿಗೆ ನಾಲ್ಕು ಸಲ ಬಿಚ್ಚುವ ಪ್ಲಗ್ ಕಚ್ಚುವುದು ಯಾವಾಗ? ಮೇಸ್ತ್ರಿಯೂ ಅದನ್ನೇ ಅಂದ: “ನಿಮ್ಮದು ಕಚ್ಚಿದ್ದು ಪೇಸ್ಟ್ ಇಲ್ಲದ್ದಕ್ಕಲ್ಲ ಸಾರ್, ನಾಲ್ಕು ವರ್ಷ ಕೋಳಿಗೆ ಬಿಟ್ಟಿದ್ದಕ್ಕೆ.”

ಭಾಮೈದ ಸುಲಭಕ್ಕೆ ಸೋಲುವವನಲ್ಲ. ಮೊಬೈಲ್ ತೆಗೆದು, “ಫೋರ್ಡಿನವರೇ ಹಚ್ಚೋಕೆ ಹೇಳಿದ್ದಾರೆ ನೋಡಿ!” ಎಂದು ಓದತೊಡಗಿದ. ಅಮೆರಿಕದ ಟ್ರೈಟನ್ ಎಂಜಿನ್ನು, 5.4 ಲೀಟರು. ಅದರ ಪ್ಲಗ್ಗುಗಳು ಬಿಚ್ಚುವಾಗ ಎರಡು ತುಂಡಾಗಿ ಅರ್ಧ ಒಳಗೇ ಉಳಿಯುತ್ತಿದ್ದವು. ಅದಕ್ಕೆ ನಿಕ್ಕಲ್ ಪೇಸ್ಟ್ ಹಚ್ಚಿ ಎಂದು ಕಂಪನಿಯೇ ಸೂಚನೆ ಕೊಟ್ಟಿದ್ದು ನಿಜ. ಜೋರಾಗಿ ಶುರುವಾದ ಓದು ಕೆಳಕೆಳಗೆ ಬಂದಂತೆ ಮೆತ್ತಗಾಯಿತು. ಹಚ್ಚಬೇಕಾದ ಜಾಗ ಥ್ರೆಡ್ ಅಲ್ಲವಂತೆ, ಅದರಾಚೆ ಮಸಿ ಕಟ್ಟುವ ಕೊಳವೆಯಂಥ ತುದಿಯಂತೆ. ಕಡೆಯ ಸಾಲನ್ನು ಅವನು ಮನಸ್ಸಿನಲ್ಲೇ ಓದಿಕೊಂಡ.

ರಿಪೇರಿಗೆ ಅರ್ಧ ದಿನ ಹಿಡಿಯಿತು. ಹಾಳಾದ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆಯಬೇಕು. ಕೊರೆದ ಪುಡಿ ಸಿಲಿಂಡರಿನೊಳಗೆ ಬಿದ್ದರೆ ಕತೆ ಮುಗಿಯಿತು. ಮೇಸ್ತ್ರಿ ಟ್ಯಾಪಿನ ಹಳ್ಳಗಳಿಗೆ ಗಟ್ಟಿ ಗ್ರೀಸು ತುಂಬಿದ. ಎರಡು ಸುತ್ತು ಕೊರೆದು ಹೊರಗೆ ತೆಗೆದರೆ ಅಲ್ಯೂಮಿನಿಯಂ ಪುಡಿಯೆಲ್ಲ ಆ ಗ್ರೀಸಿನಲ್ಲಿ ಸಿಕ್ಕಿಕೊಂಡು ಬರುತ್ತಿತ್ತು. ಒರೆಸಿದ, ಮತ್ತೆ ತುಂಬಿದ, ಮತ್ತೆ ಎರಡು ಸುತ್ತು. ಗ್ರೀಸಿಗೂ ತನ್ನ ಜಾಗದಲ್ಲಿ ಎಂಥ ಮರ್ಯಾದೆ! ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸಣ್ಣ ಸುರುಳಿಯೊಂದನ್ನು ಆ ರಂಧ್ರಕ್ಕೆ ತಿರುಗಿಸಿ ಕೂರಿಸಿದ. ಹೆಲಿಕಾಯಿಲ್ ಅನ್ನುತ್ತಾರೆ. ಸುರುಳಿಯೇ ಇನ್ನು ಥ್ರೆಡ್ಡು. ಉಳಿದೆರಡು ಪ್ಲಗ್ಗನ್ನೂ ಬಿಚ್ಚಿ, ಪೇಸ್ಟನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದ.

ಪ್ಲಗ್ ಹಾಕುವಾಗ ಅವನು ಪಾನವನ್ನೇ ಮುಟ್ಟಲಿಲ್ಲ. ಜೇಬಿನಿಂದ ಒಂದು ಗೇಣು ರಬ್ಬರ್ ಪೆಟ್ರೋಲ್ ಪೈಪಿನ ತುಂಡು ತೆಗೆದು, ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ, ಪೈಪನ್ನು ಎರಡು ಬೆರಳಲ್ಲಿ ತಿರುಗಿಸಿದ. ಮೊದಲು ಹಿಂದಕ್ಕೆ. ಥ್ರೆಡ್ಡಿಗೆ ಥ್ರೆಡ್ ಟಕ್ ಎಂದು ಬಿದ್ದದ್ದು ಕೇಳಿಸಿದ ಮೇಲೆ ಮುಂದಕ್ಕೆ. “ಅಡ್ಡಥ್ರೆಡ್ ಹತ್ತಿದ್ರೆ ಪೈಪೇ ಜಾರುತ್ತೆ ಸಾರ್. ಪಾನಕ್ಕೆ ಈ ನಾಚಿಕೆ ಇಲ್ಲ.” ಕೊನೆಗಷ್ಟೇ ಟಾರ್ಕ್ ರೆಂಚ್. 28ಕ್ಕೆ ‘ಟಿಕ್’ ಎಂದಿತು. ನಿಲ್ಲಿಸಿದ. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು, ಇನ್ನೊಂದು ಸುತ್ತಿಗೆ. ನನ್ನವಳು ಹಿಂದಿನಿಂದ ಅಂಗಿ ಹಿಡಿದು ಎಳೆದಳು.

ನಾನು ಮೇಷ್ಟ್ರ ಗತ್ತಿನಲ್ಲಿ ಕೇಳಿದೆ: “ಒಂದು ವೇಳೆ ಪೇಸ್ಟ್ ಹಚ್ಚಲೇಬೇಕು, ಶೇಕಡ 20 ಕಳೀಬೇಕು ಅಂದ್ರೆ 28ರಲ್ಲಿ ಎಷ್ಟು ಉಳಿಯುತ್ತೋ?”

“22.4 ಸಾರ್” ಎಂದ, ಕೈ ಒರೆಸಿಕೊಳ್ಳುತ್ತಲೇ. ಪೆನ್ನಿಲ್ಲ, ಕಾಗದವಿಲ್ಲ. ಆ ಪ್ರಿಪರೇಟರಿಯ ಪೇಪರು ನಾನು ತಿದ್ದಿದ್ದು ಸರಿಯಾಗಿತ್ತೋ ಇಲ್ಲವೋ ಎಂಬ ಅನುಮಾನ ನನ್ನನ್ನು ಆ ರಾತ್ರಿಯಿಡೀ ಕಾಡಿತು.

ಹೋಗುವಾಗ ಅವನು ಡಬ್ಬಿಯ ಕಡೆ ಕೈ ತೋರಿಸಿದ. “ಬೇಡ ಅಂದ್ರೆ ನಂಗೆ ಕೊಡಿ. ಸೈಲೆನ್ಸರ್ ಬೋಲ್ಟಿಗೆ ಇದು ಅಮೃತ.” ಭಾಮೈದ ಕನ್ಯಾದಾನ ಮಾಡುವವನ ಮುಖ ಮಾಡಿಕೊಂಡು ಕೊಟ್ಟ. ಕಾರು ಸ್ಟಾರ್ಟ್ ಆಯಿತು, ಕೋಳಿಗಳು ಪ್ರತಿಭಟಿಸಿದವು, ನಾನು ಮರವಂಜಿ ಕಡೆ ಒಂದು ಸುತ್ತು ಹೋಗಿ ಬಂದೆ.

ಡಬ್ಬಿ ಹೋದರೂ ಬಣ್ಣ ಹೋಗಲಿಲ್ಲ. ಪಂಚೆಯನ್ನು ನನ್ನವಳು ಸೋಪಿನಲ್ಲಿ ಉಜ್ಜಿದಳು, ಸೀಮೆಎಣ್ಣೆಯಲ್ಲಿ ನೆನೆಸಿದಳು, ನಿಂಬೆಹಣ್ಣು ತಿಕ್ಕಿದಳು. ಅಂಚಿನಲ್ಲಿದ್ದ ಕಲೆ ನಡುವಿಗೆ ಬಂತು. ಕೊನೆಗೆ ಬೆಂಗಳೂರಿಗೆ ಫೋನ್ ಹಚ್ಚಿ, ತಮ್ಮನಿಗೆ ನಾಲ್ಕು ಮಾತು ಬೈದು, ಸ್ಪೀಕರಿಗೆ ಹಾಕಿದಳು.

“ಬಿಡಕ್ಕ, ಅದೇನ್ ದೊಡ್ಡ ವಿಷಯ” ಎಂದ ಅವನು ಆ ಕಡೆಯಿಂದ, “ಅದನ್ನ ತೆಗೆಯೋಕೂ ಒಂದು ಪೇಸ್ಟ್ ಬರುತ್ತೆ. ಶನಿವಾರ ತರ್ತೀನಿ.”